ಯಾರೂ ಕಾಣದ ಪ್ರಾಣಿಗಳನ್ನು ಬಿಡಿಸಿದವರು

ಡೈನೋಸಾರ್ ಹೇಗಿತ್ತು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ನಾ ಮುಂದು ತಾ ಮುಂದು ಎಂದು ಎದ್ದು ನಿಲ್ಲುತ್ತಾರೆ. ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುವವರೂ ಇದ್ದಾರೆ. "ಸರಿ, ಅದನ್ನು ನೋಡಿದವರು ಯಾರು?" ಎಂದರೆ ಮಾತ್ರ ಎಲ್ಲರೂ ಸುಮ್ಮನೆ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಳಿದ ಪ್ರಾಣಿಗಳವು. ನಮಗೆ ಸಿಕ್ಕಿರುವುದು ಹೆಚ್ಚಾಗಿ ಕಲ್ಲಾದ ಮೂಳೆಗಳು. ಹಾಗಾದರೆ ನಮ್ಮ ಮನಸ್ಸಿನಲ್ಲಿರುವ ಆ ಚಿತ್ರ ಎಲ್ಲಿಂದ ಬಂತು?

ಬಹುಪಾಲು ಅದು ಒಬ್ಬ ಚಿತ್ರಕಾರರಿಂದ ಬಂತು. ಅವರ ಹೆಸರು ಚಾರ್ಲ್ಸ್ ನೈಟ್. 1874ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಮೊದಲೇ ಅವರ ದೃಷ್ಟಿ ಮಂದ. ಸಾಲದ್ದಕ್ಕೆ, ಚಿಕ್ಕಂದಿನಲ್ಲಿ ಆಟವಾಡುವಾಗ ಜೊತೆಯ ಹುಡುಗ ಎಸೆದ ಕಲ್ಲು ಬಲಗಣ್ಣಿಗೆ ತಗುಲಿತು. ಬೆಳೆದ ಮೇಲೆ ಚಿತ್ರಪಟಕ್ಕೆ ಮುಖ ಹತ್ತಿರ ಹಿಡಿದೇ ಬಣ್ಣ ಹಚ್ಚಬೇಕಾಗಿತ್ತು. ಲೋಕಕ್ಕೆ ಡೈನೋಸಾರ್ ತೋರಿಸಿದವರು ಸರಿಯಾಗಿ ಕಣ್ಣು ಕಾಣದ ಮನುಷ್ಯ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಹದಿಹರೆಯದಲ್ಲಿ ಅವರು ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳಿಗೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದರು. ಬಿಡುವಿದ್ದಾಗ ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ಬಿಡಿಸುತ್ತಿದ್ದರು. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಸ್ನಾಯು, ಮೂಳೆಗಳನ್ನು ನೋಡಿ ಕಲಿತರು. 1894ರಲ್ಲಿ ಅಲ್ಲಿನ ವಿಜ್ಞಾನಿಯೊಬ್ಬರು, ಹಂದಿಯನ್ನು ಹೋಲುವ ಒಂದು ಅಳಿದ ಪ್ರಾಣಿಯ ಮೂಳೆಗಳನ್ನು ತೋರಿಸಿ, ಬದುಕಿದ್ದಾಗ ಇದು ಹೇಗಿದ್ದಿರಬಹುದು, ಬರೆದುಕೊಡಿ ಎಂದರು. ಅಲ್ಲಿಂದ ಮುಂದಿನ ಬದುಕಿನ ದಾರಿ ತೆರೆಯಿತು.

ನೈಟ್ ಅವರ ಕ್ರಮ ನಾವೆಲ್ಲ ಕಲಿಯಬೇಕಾದದ್ದು. ಮೊದಲು ಅಸ್ಥಿಪಂಜರ. ಅದರ ಮೇಲೆ ಸ್ನಾಯುಗಳ ಲೆಕ್ಕ. ಚರ್ಮ, ಬಣ್ಣ ಕೊನೆಗೆ. ಎಷ್ಟೋ ಬಾರಿ ಪ್ರಾಣಿಯ ಚಿಕ್ಕ ಮಾದರಿ ಮಾಡಿ ಬಿಸಿಲಿನಲ್ಲಿಟ್ಟು, ನೆರಳು ಹೇಗೆ ಬೀಳುತ್ತದೆಂದು ನೋಡಿ ನಂತರ ಚಿತ್ರ ಬರೆಯುತ್ತಿದ್ದರು. ಆದರೆ ಮೂಳೆ ಎಲ್ಲವನ್ನೂ ಹೇಳುವುದಿಲ್ಲ. ಉಳಿದದ್ದು ಊಹೆ.

1897ರಲ್ಲಿ ಅವರು ಬರೆದ ಎರಡು ಚಿತ್ರಗಳನ್ನು ನೋಡೋಣ. ಒಂದರಲ್ಲಿ ಎರಡು ಬೇಟೆಗಾರ ಡೈನೋಸಾರುಗಳು ಕಾದಾಡುತ್ತಿವೆ. ಒಂದು ನೆಲ ಬಿಟ್ಟು ಗಾಳಿಯಲ್ಲಿ ಹಾರಿದೆ! ಇಂದು ಡ್ರಿಪ್ಟೊಸಾರಸ್ ಎನ್ನುವ ಈ ಪ್ರಾಣಿಯ ಬಗ್ಗೆ ನೈಟ್ ಅವರಿಗೆ ವಿವರಿಸಿದವರು ಎಡ್ವರ್ಡ್ ಕೋಪ್ ಎಂಬ ವಿಜ್ಞಾನಿ. ಅದೇ ವರ್ಷ ಏಪ್ರಿಲ್‌ನಲ್ಲಿ ಕೋಪ್ ತೀರಿಕೊಂಡರು. ಇನ್ನೊಂದು ಚಿತ್ರದಲ್ಲಿ ಭಾರೀ ಗಾತ್ರದ ಬ್ರಾಂಟೊಸಾರಸ್ ಜೌಗಿನ ನೀರಿನಲ್ಲಿ ನಿಂತಿದೆ. ಇಷ್ಟು ದೊಡ್ಡ ಮೈಯನ್ನು ನೀರೇ ಹೊರಬೇಕು ಎಂಬುದು ಆಗಿನ ವಿಜ್ಞಾನಿಗಳ ಎಣಿಕೆ.

ಡೈನೋಸಾರ್ ಎಂದರೆ ನಿಧಾನದ, ಜಡ ಪ್ರಾಣಿ ಎಂದು ಆಮೇಲೆ ದಶಕಗಳ ಕಾಲ ಬಹಳ ಮಂದಿ ನಂಬಿದ್ದರು. 1964ರಲ್ಲಿ ಜಾನ್ ಆಸ್ಟ್ರಮ್ ಅವರಿಗೆ ಡೈನೊನಿಕಸ್‌ನ ಮೂಳೆಗಳು ಸಿಕ್ಕವು. ಇದು ಚುರುಕಾದ ಬೇಟೆಗಾರ ಎಂದು 1969ರಲ್ಲಿ ಅವರು ವಾದಿಸಿದ ಮೇಲೆ ಗಾಳಿ ತಿರುಗಿತು. ಬ್ರಾಂಟೊಸಾರಸ್ ನೆಲದ ಮೇಲೆ ನಡೆಯುತ್ತಿದ್ದ ಪ್ರಾಣಿ ಎಂಬುದೂ ಖಚಿತವಾಯಿತು. ಒಂದೇ ವರ್ಷ, ಒಂದೇ ಕೈ. ಒಂದು ಊಹೆ ಗೆದ್ದಿತು, ಇನ್ನೊಂದು ಸೋತಿತು. ಬರೆಯುವ ದಿನ ಯಾವುದು ಗೆಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

1926ರಿಂದ 1930ರವರೆಗೆ ನೈಟ್ ಅವರು ಶಿಕಾಗೋದ ಫೀಲ್ಡ್ ಮ್ಯೂಸಿಯಂಗೆ 28 ದೊಡ್ಡ ಭಿತ್ತಿಚಿತ್ರಗಳನ್ನು ಮಾಡಿಕೊಟ್ಟರು. ಅವರ ಚಿತ್ರಗಳನ್ನು ನೋಡಿಕೊಂಡೇ ಪುಸ್ತಕಗಳು, ಸಿನಿಮಾಗಳು ಡೈನೋಸಾರ್ ಮಾಡಿದವು. 1953ರಲ್ಲಿ ಅವರು ತೀರಿಕೊಂಡರು, ಚಿತ್ರಗಳು ಉಳಿದವು. ಅವುಗಳೊಂದಿಗೆ ಆ ಕಾಲದ ತಪ್ಪುಗಳೂ ಉಳಿದವು.

ವಿಜ್ಞಾನ ಮುಂದೆ ಹೋಯಿತು. ಬಾಲ ನೆಲಕ್ಕೆ ಊರಿ ನೆಟ್ಟಗೆ ನಿಂತಿದ್ದ ಟೈರನೊಸಾರಸ್‌ನ ಅಸ್ಥಿಪಂಜರವನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯ 1990ರ ದಶಕದಲ್ಲಿ ಬಿಚ್ಚಿ, ಬಾಲ ಮೇಲೆತ್ತಿ ಮತ್ತೆ ಜೋಡಿಸಿತು. 1996ರಲ್ಲಿ ಚೀನಾದಿಂದ ಗರಿಯಂಥ ಹೊದಿಕೆಯ ಸೈನೊಸಾರೊಪ್ಟೆರಿಕ್ಸ್ ಬೆಳಕಿಗೆ ಬಂತು. 2010ರಲ್ಲಿ ಅದರ ಬಾಲದ ಕೆಂಗಂದು ಪಟ್ಟೆಗಳನ್ನೂ ವಿಜ್ಞಾನಿಗಳು ಗುರುತಿಸಿದರು. ಬಣ್ಣ ಎಂದೂ ತಿಳಿಯದು ಎಂಬ ಮಾತೂ ಸುಳ್ಳಾಯಿತು!

ನಮ್ಮ ಶಾಲೆಯ ಗೋಡೆಯ ಹಳೆಯ ಚಾರ್ಟಿನಲ್ಲಿ ಮಾತ್ರ ಟೈರನೊಸಾರಸ್ ಇನ್ನೂ ಬಾಲ ಎಳೆದುಕೊಂಡೇ ಇದೆ. ಗಡಿಯಾಚೆ ಇರುವ ನಮಗೆ ಹೊಸ ಕನ್ನಡ ಚಾರ್ಟು ಸಿಗುವುದು ಸುಲಭವಲ್ಲ. ಕಿತ್ತು ಹಾಕೋಣವೇ ಎಂದು ಒಮ್ಮೆ ಯೋಚಿಸಿದೆವು, ಬೇಡ ಎನಿಸಿತು. ಈಗ ಅದರ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿದ್ದೇವೆ. ಈ ಚಿತ್ರದಲ್ಲಿ ಮೂಳೆ ಹೇಳಿದ್ದು ಯಾವುದು, ಮನುಷ್ಯ ಊಹಿಸಿದ್ದು ಯಾವುದು ಎಂದು ಮಕ್ಕಳೇ ಅದರಲ್ಲಿ ಬರೆಯಬೇಕು.

ಅಚ್ಚಾದದ್ದೆಲ್ಲ ಸತ್ಯ ಎಂದು ನಂಬುವ ಮಗುವಿಗಿಂತ, "ಇದು ನಿಮಗೆ ಹೇಗೆ ಗೊತ್ತು ಟೀಚರ್?" ಎಂದು ಕೇಳುವ ಮಗು ನಮಗೆ ಬೇಕು. ಆ ಪ್ರಶ್ನೆಗೆ ಹಳೆಯ ಚಾರ್ಟೇ ಸಾಕು.