ಪ್ಲೇಗು ಮತ್ತು ಪೇಟೆ: 1898ರ ಬೆಂಗಳೂರಿನಲ್ಲಿ ರೋಗ, ಸರ್ಕಾರ, ಜನ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಪ್ಲೇಗು ಹೇಳದೆ ಕೇಳದೆ ಬಂದದ್ದಲ್ಲ. 1894ರಲ್ಲಿ ಹಾಂಕಾಂಗನ್ನು ನಡುಗಿಸಿ, 1896ರಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದು, ಅಲ್ಲಿಂದ ರೈಲುಹಾದಿಯ ಗುಂಟ ಹುಬ್ಬಳ್ಳಿ-ಧಾರವಾಡಗಳವರೆಗೆ ಹಬ್ಬಿದ್ದ ಈ ಜಾಡ್ಯ ಮೈಸೂರು ಸಂಸ್ಥಾನದ ಗಡಿ ದಾಟುವುದು ಕೆಲವೇ ತಿಂಗಳುಗಳ ಮಾತೆಂಬುದನ್ನು ಅಧಿಕಾರಿಗಳೂ ವರ್ತಕರೂ ಬಲ್ಲವರಾಗಿದ್ದರು. ಜ್ವರ, ಬವಳಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಏಳುವ ನೋವಿನ ಗಂಟು, ಕೆಲವೇ ದಿನಗಳಲ್ಲಿ ಸಾವು ಎಂಬ ಅದರ ಕ್ರಮವೂ ಆ ಹೊತ್ತಿಗೆ ಪರಿಚಿತವಾಗಿತ್ತು. ಪರಿಚಿತವಾಗಿರದಿದ್ದುದು ಅದು ಹರಡುವ ಬಗೆ. ರೋಗಾಣುವನ್ನು 1894ರಲ್ಲೇ ಗುರುತಿಸಲಾಗಿದ್ದರೂ, ಸತ್ತ ಇಲಿಯ ಮೈಬಿಟ್ಟ ಚಿಗಟವು ಮನುಷ್ಯನನ್ನು ಕಚ್ಚಿದಾಗ ರೋಗ ದಾಟುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ, ಮತ್ತು ಆ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು. ಹೀಗಾಗಿ ಸರ್ಕಾರ ಕೊಳೆಯ ಮೇಲೂ ಕೆಟ್ಟ ಗಾಳಿಯ ಮೇಲೂ ಯುದ್ಧ ಹೂಡಿದ ಕಾಲದಲ್ಲಿ ನಿಜವಾದ ಅಪರಾಧಿ ತರಗುಪೇಟೆ, ಅಕ್ಕಿಪೇಟೆಗಳ ದವಸದ ಮೂಟೆಗಳ ಸಂದಿಯಲ್ಲಿ ಸುರಕ್ಷಿತವಾಗಿತ್ತು.

ಆಗಿನ ಬೆಂಗಳೂರು ಆಡಳಿತದ ಲೆಕ್ಕದಲ್ಲಿ ಒಂದು ಊರಲ್ಲ, ಎರಡು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗ ಹಳೆಯ ಪೇಟೆ ಮೈಸೂರು ಸರ್ಕಾರದ ಕೈಗೆ ಬಂದಿತು. ಜನರು ದಂಡು ಎಂದು ಕರೆಯುತ್ತಿದ್ದ ಸೈನಿಕ ವಸಾಹತು ಮಾತ್ರ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಪುರಸಭೆಗಳು, ಬೇರೆ ಬೇರೆ ಅಧಿಕಾರಿಗಳು, ನಡುವೆ ಕಬ್ಬನ್ ಉದ್ಯಾನ. ಇಲಿಗೆ ಈ ಗಡಿಯ ಹಂಗಿರಲಿಲ್ಲ. ದಿವಾನ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದ ನಡುವಿನಲ್ಲಿ, ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತ್ತಾದರೂ ಬಳಸಿದ ನೀರನ್ನು ಹೊರಗೊಯ್ಯುವ ಒಳಚರಂಡಿ ಬಂದಿರಲಿಲ್ಲ. ಪೇಟೆಯ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು, ಮುಂದೆ ಅಂಗಡಿ, ಹಿಂದೆ ಉಗ್ರಾಣ, ನಡುವೆ ಸಂಸಾರ ಎಂಬ ರೀತಿಯಲ್ಲಿ ಕಟ್ಟಿದವುಗಳಾಗಿದ್ದವು. ವ್ಯಾಪಾರಕ್ಕೆ ಅನುಕೂಲವಾಗಿದ್ದ ಈ ವ್ಯವಸ್ಥೆಯೇ ಇಲಿಗೂ ಅನುಕೂಲವಾಗಿತ್ತು. 1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡು ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಈ ಇಳಿತವನ್ನೆಲ್ಲ ಸಾವಿನ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ, ಏಕೆಂದರೆ ಸತ್ತವರ ಜೊತೆಗೆ ಊರು ಬಿಟ್ಟು ಹೋದವರೂ ಅದರಲ್ಲಿ ಸೇರಿದ್ದಾರೆ.

ಆಗ ರಾಜ್ಯವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಅವರ ಸರ್ಕಾರ ಮುಂದೆ ದಿವಾನರೂ ಆದ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಕೈಗೊಂಡ ಕ್ರಮಗಳಾದರೋ ಮುಂಬಯಿ ಮತ್ತು ಪುಣೆಗಳಲ್ಲಿ ಮೊದಲೇ ಜಾರಿಯಾಗಿದ್ದಂಥವು: ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ಪರೀಕ್ಷೆ, ರೋಗಿಯನ್ನು ಪ್ರತ್ಯೇಕ ಆಸ್ಪತ್ರೆಗೂ ಅವನ ಮನೆಯವರನ್ನು ಊರಾಚೆಯ ಶಿಬಿರಕ್ಕೂ ಸಾಗಿಸುವುದು, ಮನೆಗೆ ಸುಣ್ಣ ಬಳಿಸಿ, ಹೆಂಚು ತೆಗೆಸಿ ಬಿಸಿಲು ಬಿಡಿಸುವುದು, ಶವವನ್ನು ವೈದ್ಯರು ನೋಡುವವರೆಗೆ ಸಂಸ್ಕಾರಕ್ಕೆ ಬಿಡದಿರುವುದು. ಬೆಂಗಳೂರಿಗೆ ಟೆಲಿಫೋನ್ ತಂತಿ ಮೊದಲು ಬಂದದ್ದೂ ಈ ಕಾರ್ಯಾಚರಣೆಯ ಸಮನ್ವಯಕ್ಕಾಗಿಯೇ ಎಂಬುದು ಇಂದು ಬಹುಮಂದಿಗೆ ಮರೆತುಹೋಗಿರುವ ಸಂಗತಿ.

ಈ ಕ್ರಮಗಳಿಗೆ ಜನ ತೋರಿದ ಪ್ರತಿರೋಧವನ್ನು ಅಂದಿನ ಸರ್ಕಾರಿ ಬರಹಗಳು ಅಜ್ಞಾನ, ಮೂಢನಂಬಿಕೆ ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುತ್ತವೆ. ವಿಷಯ ಅಷ್ಟು ಸರಳವಾಗಿರಲಿಲ್ಲ. ಜನ ಎಲ್ಲ ಕ್ರಮಗಳನ್ನೂ ಒಂದೇ ಸಮನೆ ವಿರೋಧಿಸಲಿಲ್ಲ. ಕೆಲವನ್ನು ಒಪ್ಪಿದರು, ಕೆಲವನ್ನು ತಪ್ಪಿಸಿಕೊಂಡರು, ಕೆಲವಕ್ಕೆ ಎದುರು ನಿಂತರು, ಮತ್ತು ಈ ಆಯ್ಕೆಯ ಹಿಂದೆ ಒಂದು ತರ್ಕವಿತ್ತು. ಊರನ್ನು ತೆರವು ಮಾಡುವ ವಿಚಾರವನ್ನೇ ನೋಡಬಹುದು. ಮಾರಿ ಬಂದಾಗ ಇಡೀ ಊರು ಮನೆಗಳಿಗೆ ಬೀಗ ಹಾಕಿ, ಪಾತ್ರೆ-ಪಡಗ, ದನಕರುಗಳೊಡನೆ ಹೊಲಗಳಲ್ಲಿ ಬಿಡಾರ ಹೂಡುವ ಹೊರಬೀಡು ಎಂಬ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ಅದು ಇಂದಿಗೂ ಕೆಲವೆಡೆ ಆಚರಣೆಯಾಗಿ ಉಳಿದಿದೆ. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದಿತೆಂದರೆ, ಅಂದರೆ ಸತ್ತ ಇಲಿ ಕಂಡಿತೆಂದರೆ, ಸರ್ಕಾರದ ಆಜ್ಞೆಗೆ ಕಾಯದೆ ಜನರು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪುಸ್ತಕದ ವಿಜ್ಞಾನಕ್ಕೆ ಇನ್ನೂ ಖಚಿತವಾಗದಿದ್ದ ಇಲಿ-ರೋಗಗಳ ನಂಟನ್ನು ಹೀಗೆ ಅನುಭವ ಮೊದಲೇ ಹಿಡಿದಿತ್ತು. ಪ್ಲೇಗಿನ ವಿರುದ್ಧ ಕೈಗೊಂಡ ಕ್ರಮಗಳಲ್ಲಿ ನಿಜವಾಗಿ ಫಲ ಕೊಟ್ಟವುಗಳಲ್ಲಿ ಇದೂ ಒಂದು.

ಅದೇ ಜನ ಪ್ಲೇಗ್ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಹೊರಬೀಡಿನಲ್ಲಿ ಮನೆಮಂದಿ ಒಟ್ಟಿಗೆ ಹೊರಡುತ್ತಾರೆ, ಆಸ್ಪತ್ರೆಯಲ್ಲಿ ರೋಗಿ ಒಂಟಿಯಾಗುತ್ತಾನೆ. ಅಲ್ಲಿ ಯಾರ ಕೈಯ ನೀರು, ಯಾರ ಕೈಯ ಅನ್ನ ಎಂಬ ಪ್ರಶ್ನೆ ಸಾವಿಗಿಂತ ಮುಂಚೆ ಎದುರಾಗುತ್ತದೆ. ಪರಪುರುಷರು ಹೆಣ್ಣುಮಕ್ಕಳ ಕಂಕುಳು ಮುಟ್ಟಿ ಗಂಟು ಹುಡುಕುವುದನ್ನು ಯಾವ ಜಾತಿ-ಮತದವರೂ ಸಹಿಸಲಿಲ್ಲ. ಶವಪರೀಕ್ಷೆಗಾಗಿ ಕಾಯುವುದು, ಹೆಣವನ್ನು ಹೊತ್ತು ಮೀರಿ ಮನೆಯಲ್ಲಿ ಇಟ್ಟುಕೊಳ್ಳಲೊಪ್ಪದ ಹಿಂದೂ, ಮುಸ್ಲಿಂ ಮನೆಗಳೆರಡಕ್ಕೂ ಅವಮಾನವೆನಿಸಿತು. ಆದ್ದರಿಂದ ರೋಗಿಗಳನ್ನು ಅಡಗಿಸಿಟ್ಟರು, ಪ್ಲೇಗಿನ ಸಾವನ್ನು ಬೇರೆ ಜ್ವರದ ಸಾವೆಂದು ಬರೆಸಿದರು. ಪುಣೆಯಲ್ಲಿ ಇಂಥ ಅಸಮಾಧಾನ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಹತ್ಯೆಯಲ್ಲಿ ಸಿಡಿದಿತ್ತು; ಮೈಸೂರು ಸಂಸ್ಥಾನದಲ್ಲಿಯೂ 1898ರ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಮತ್ತು ಪೊಲೀಸರ ನಡುವೆ ಘರ್ಷಣೆ ನಡೆಯಿತು. ಬಲವಂತದಿಂದ ರೋಗ ಬಚ್ಚಿಟ್ಟುಕೊಳ್ಳುತ್ತದೆಯೇ ಹೊರತು ನಿಲ್ಲುವುದಿಲ್ಲವೆಂಬುದು ಒಂದೆರಡು ವರ್ಷಗಳಲ್ಲಿ ಭಾರತ ಸರ್ಕಾರಕ್ಕೂ ಮನವರಿಕೆಯಾಗಿ, ನಿಯಮಗಳು ಸಡಿಲಗೊಂಡವು.

ಲಸಿಕೆಯ ಕಥೆ ಇನ್ನೂ ಕುತೂಹಲಕರವಾದದ್ದು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಚುಚ್ಚಿದ ಮೇಲೆ ಜ್ವರ ಬರುತ್ತಿದ್ದುದರಿಂದ, ಇದರಿಂದ ಗಂಡಸುತನ ಹೋಗುತ್ತದೆ, ಧರ್ಮ ಕೆಡುತ್ತದೆ ಎಂಬ ಗಾಳಿಸುದ್ದಿಗಳು ಬಹಳ ಕಡೆ ಹಬ್ಬಿದವು. ಆದರೆ ಹುಬ್ಬಳ್ಳಿಯಲ್ಲಿ 1898ರಲ್ಲಿ ಡಾಕ್ಟರ್ ಲ್ಯೂಮನ್ ಅವರ ನೇತೃತ್ವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು, ಅಂದರೆ ಆ ಊರಿನ ಜನಸಂಖ್ಯೆಯ ಬಹುಭಾಗ. ಮುಂಬಯಿ, ಪುಣೆಗಳಂಥ ವಿದ್ಯಾವಂತ ನಗರಗಳು ಹಿಂಜರಿದಾಗ ಹತ್ತಿಯ ವ್ಯಾಪಾರದ ಈ ಊರು ತೋಳು ನೀಡಿತು. ಎದುರುಮನೆಯವನು ಚುಚ್ಚಿಸಿಕೊಂಡು ಬದುಕುಳಿದದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಪ್ರಚಾರ ಬೇಕಾಗಲಿಲ್ಲವೆಂದೇ ತೋರುತ್ತದೆ. ನಂಬಿಕೆ ಕುಸಿಯುವುದೂ ಅಷ್ಟೇ ಸುಲಭ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬಲ್ಲಿ ಕಲುಷಿತಗೊಂಡ ಒಂದೇ ಸೀಸೆಯ ಲಸಿಕೆಯಿಂದ 19 ಮಂದಿ ಧನುರ್ವಾಯುವಿಗೆ ಬಲಿಯಾದಾಗ ಲಸಿಕೆಯ ಹೆಸರಿಗೆ ಅಂಟಿದ ಕಳಂಕ ವರ್ಷಗಟ್ಟಲೆ ಹೋಗಲಿಲ್ಲ.

ಮಾರಿಗೆ ಹರಕೆ ಹೊರುವುದನ್ನೂ ಈ ಹಿನ್ನೆಲೆಯಲ್ಲೇ ಅರ್ಥಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಪ್ಲೇಗಿನಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರುಗಳಲ್ಲಿ ಗುಡಿಗಳೆದ್ದವು. ಸಿಡುಬಿಗೆ ಅಮ್ಮನಿದ್ದಂತೆ ಹೊಸ ರೋಗಕ್ಕೂ ಒಬ್ಬ ಅಮ್ಮ ದೊರೆತಳು, ಇಂಗ್ಲಿಷ್ ಹೆಸರು ಆಕೆಗೆ ಅಡ್ಡಿಯಾಗಲಿಲ್ಲ. ಹರಕೆ ಹೊತ್ತವರೆಲ್ಲ ಲಸಿಕೆಯನ್ನು ಬೇಡವೆಂದವರೆಂದು ಭಾವಿಸಲು ಆಧಾರವಿಲ್ಲ.

ರೋಗ ಊರಿನ ನಕ್ಷೆಯ ಮೇಲೆ ಮೂಡಿಸಿದ ಗುರುತು ಹೆಚ್ಚು ಕಾಲ ಬಾಳಿತು. ಪೇಟೆಯ ದಟ್ಟಣೆಯನ್ನು ಇಳಿಸಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಯೋಜನೆ ಪ್ಲೇಗಿಗೆ ಮೊದಲೇ ಸಿದ್ಧವಾಗಿತ್ತಾದರೂ, ಪೂರ್ವಜರ ಮನೆಯನ್ನೂ ಅಂಗಡಿಯನ್ನೂ ಬಿಟ್ಟು ಬಯಲಿಗೆ ಬರಲು ಮನಸ್ಸಿಲ್ಲದವರನ್ನು ಅಲ್ಲಿಗೆ ಹೊರಡಿಸಿದ್ದು 1898ರ ಭಯ. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ತೆರಪು, ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕನ್ಸರ್ವೆನ್ಸಿ ಎಂದು ಕರೆಯುವ ಕಿರುಗಲ್ಲಿ ಇವು ಹೊಸ ಬಡಾವಣೆಗಳ ಲಕ್ಷಣಗಳಾದವು. ನಿವೇಶನಗಳನ್ನು ಜಾತಿ-ಸಮುದಾಯಗಳಿಗೆ ಅನುಗುಣವಾಗಿ ವಿಂಗಡಿಸಿ ಕೊಟ್ಟದ್ದೂ, ಮಲ ಹೊರುವವರು ಬೀದಿಯವರ ಕಣ್ಣಿಗೆ ಬೀಳದೆ ಬಂದು ಹೋಗುವಂತೆ ಆ ಹಿಂದಿನ ಗಲ್ಲಿಯನ್ನು ಇರಿಸಿದ್ದೂ ಆರೋಗ್ಯದ ಹೆಸರಿನಲ್ಲೇ ನಡೆದವು; ಅಸ್ಪೃಶ್ಯತೆಗೆ ನಗರ ಯೋಜನೆಯ ನಕ್ಷೆಯಲ್ಲಿ ಜಾಗ ದೊರೆತದ್ದು ಹೀಗೆ. ದಂಡಿನ ಭಾಗದಲ್ಲಿ, ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿನ ಬಡಾವಣೆಯಲ್ಲಿ, ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫೆನ್ಸ್ ಇಲಿ ಬಿಲ ತೋಡಲಾಗದ ಗಟ್ಟಿ ನೆಲದ, ಗಾಳಿ-ಬೆಳಕು ಧಾರಾಳವಾಗಿರುವ ಮನೆಗಳ ಮಾದರಿಯನ್ನು ರೂಪಿಸಿದರು. ಪ್ಲೇಗು ತಟ್ಟದ ನಗರ ಯೋಜನೆಯನ್ನು ಕುರಿತ ಅವರ ಪುಸ್ತಕ 1914ರಲ್ಲಿ ಪ್ರಕಟವಾಯಿತು. ಚಿಗಟದ ಸಿದ್ಧಾಂತ ಕೊನೆಗೂ ಗೋಡೆ ಮತ್ತು ನೆಲದ ಭಾಷೆಗೆ ಇಳಿದದ್ದು ಇಲ್ಲಿ.

ಇಂಥ ಮನೆಯನ್ನು ಕಟ್ಟಿಸಿಕೊಳ್ಳಲು ಕೈಯಲ್ಲಿ ಹಣವಿದ್ದವರು ಪೇಟೆಯಿಂದ ಹೊರಬಂದರು. ಬಾಡಿಗೆಯ ಕೋಣೆಗಳಲ್ಲಿದ್ದ ಕೂಲಿಗಳು, ನೇಕಾರರು, ಹಮಾಲರು ಅಲ್ಲೇ ಉಳಿದರು. ಪ್ಲೇಗು ಮುಂದೆ ಹಲವು ವರ್ಷ ಮರುಕಳಿಸುತ್ತಲೇ ಇದ್ದಾಗ ಅದಕ್ಕೆ ಸಿಕ್ಕವರು ಹೆಚ್ಚಾಗಿ ಇವರೇ. ಊರನ್ನು ಆರೋಗ್ಯಕರವಾಗಿ ಬೆಳೆಸುವ ಹೊಣೆಯನ್ನು ಒಂದು ಪ್ರತ್ಯೇಕ ಸಂಸ್ಥೆಗೆ ವಹಿಸುವ ವಿಚಾರವೂ ಆ ಕಾಲದ್ದೇ: ಮೈಸೂರು ನಗರಕ್ಕೆ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬಂದಿತು, ಬೆಂಗಳೂರಿಗೆ ಅಂಥ ಮಂಡಳಿ ಬಂದದ್ದು 1945ರಲ್ಲಿ, ಅದರ ಜಾಗದಲ್ಲಿ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಈ ದೀರ್ಘ ನಡಿಗೆಯಲ್ಲಿ ನಿವೇಶನ ಹಂಚುವ ಕೆಲಸ ಮುಂದೆ ಬಂದು, ಕಿಕ್ಕಿರಿದ ಹಳೆಯ ಕೇರಿಗಳನ್ನು ಅಲ್ಲಿಯೇ ಸರಿಪಡಿಸುವ ಕೆಲಸ ಹಿಂದೆ ಬಿದ್ದಿತು.