ಟಿಕೆಟ್ ಕೌಂಟರಿನ ಹಿಂದೆ ನಿಂತವರು

ಕೊರಿಯಾದ ರೌಡಿ ಸಿನಿಮಾ ಎಂದರೆ ಈಗಿನವರಿಗೆ ಸೂಟು ತೊಟ್ಟ ಹುಡುಗರು, ಚೂರಿ, ಮಳೆ, ನಿಯಾನ್ ದೀಪ ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು 1959ರಲ್ಲಿ ಮುರಿದ ಒಬ್ಬ ಹಾಸ್ಯನಟನ ಪಕ್ಕೆಲುಬುಗಳು. ಆ ನಟನ ಹೆಸರು ಕಿಮ್ ಹೀ-ಗಾಪ್. ದೇಶವನ್ನೆಲ್ಲ ನಗಿಸುತ್ತಿದ್ದ ಮನುಷ್ಯ. ತಾನು ಕರೆದ ಕಾರ್ಯಕ್ರಮಕ್ಕೆ ಬರಲಿಲ್ಲ ಎಂಬ ಸಿಟ್ಟಿಗೆ ಅವನನ್ನು ಹೊಡೆದವನು ಲಿಮ್ ಹ್ವಾ-ಸು. ಈ ಲಿಮ್ ಬೀದಿಯ ಪುಂಡನಷ್ಟೇ ಆಗಿರಲಿಲ್ಲ. ಸೋಲಿನ ಪ್ಯೊಂಗ್ಹ್ವಾ ಚಿತ್ರಮಂದಿರ ಅವನ ಕೈಯಲ್ಲಿತ್ತು, ಚಿತ್ರ ನಿರ್ಮಾಣದ ಕಂಪನಿ ಅವನದು, ಕಲಾವಿದರನ್ನೆಲ್ಲ ಕೂಡಿಹಾಕಿದ ‘ಕಮ್ಯುನಿಸ್ಟ್ ವಿರೋಧಿ ಕಲಾವಿದರ ದಳ’ದ ಯಜಮಾನನೂ ಅವನೇ. ಬೆನ್ನಿಗೆ ಡೊಂಗ್ಡೆಮುನ್ ಮಾರುಕಟ್ಟೆಯನ್ನು ಆಳುತ್ತಿದ್ದ ಲೀ ಜೊಂಗ್-ಜೆ ಎಂಬ ದಾದಾ, ಅವನ ಬೆನ್ನಿಗೆ ಅಧ್ಯಕ್ಷ ಸಿಂಗ್ಮನ್ ರೀ ಅವರ ಪಕ್ಷ.

ಫಿಲ್ಮನ್ನು ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಎಡಿಟಿಂಗ್ ರೂಮಿನಲ್ಲಿ ದುಡಿದವನು ನಾನು. ಯಾರ ದುಡ್ಡಿನಿಂದ ಸಿನಿಮಾ ಆಯಿತು, ಯಾರ ಥಿಯೇಟರಿನಲ್ಲಿ ಓಡಿತು ಎಂದು ಕೇಳದೆ ಚಿತ್ರ ನೋಡುವುದು ನನಗೆ ಅಭ್ಯಾಸವಿಲ್ಲ. ಹಾಗೆ ಕೇಳುತ್ತ ಹೋದಾಗಲೇ ಕೊರಿಯಾದ ರೌಡಿ ಚಿತ್ರಗಳು ನನಗೆ ಬೇರೆಯಾಗಿ ಕಾಣತೊಡಗಿದವು. ಅಲ್ಲಿ ರೌಡಿ ಹೊರಗಿನಿಂದ ತಂದ ಕಥಾವಸ್ತುವಲ್ಲ. ಅವನು ಚಿತ್ರೋದ್ಯಮದ ಮನೆಯೊಳಗೇ ಇದ್ದವನು.

ಬೇರು ಜಪಾನಿ ಆಳ್ವಿಕೆಯ ಕಾಲದಲ್ಲಿದೆ. ಆಗ ಸೋಲ್ ನಗರದ ನಡುವೆ ಹರಿಯುವ ಚೊಂಗ್ಗೆಚೊನ್ ಹಳ್ಳವೇ ಗಡಿ. ದಕ್ಷಿಣದ ಹೊನ್ಮಾಚಿ ಜಪಾನಿಯರದು, ಉತ್ತರದ ಜೊಂಗ್ನೊ ಕೊರಿಯನ್ನರದು. ಚಿತ್ರಮಂದಿರಗಳೂ ಹಾಗೇ ಹಂಚಿಹೋಗಿದ್ದವು. ಜೊಂಗ್ನೊದಲ್ಲಿ 1907ರಲ್ಲಿ ಶುರುವಾದ ದಾನ್ಸೊಂಗ್ಸಾ, ಅದರ ಜೊತೆಗೆ ಉಮಿಗ್ವಾನ್. ದಿನವೂ ನಗದು ಬೀಳುವ ಜಾಗ, ಸಂಜೆಯಾದರೆ ಜನ ಸೇರುವ ಜಾಗ. ಅಲ್ಲಿ ಕಾವಲಿಗೂ ವಸೂಲಿಗೂ ಗಟ್ಟಿ ಆಳುಗಳು ಬೇಕಿತ್ತು. ಉಮಿಗ್ವಾನನ್ನು ನೆಲೆ ಮಾಡಿಕೊಂಡು ಬೆಳೆದವನು ಕಿಮ್ ದು-ಹಾನ್. 1920ರ ಚೊಂಗ್ಸಾನ್ನಿ ಕಾಳಗದಲ್ಲಿ ಜಪಾನಿ ಸೇನೆಯನ್ನು ಎದುರಿಸಿದ ಸೇನಾನಿ ಕಿಮ್ ಜ್ವಾ-ಜಿನ್ ಅವರ ಮಗ ತಾನೆಂದು ಹೇಳಿಕೊಂಡ ಜೊಂಗ್ನೊದ ದಾದಾ. ಮುಂದೆ 1954ರಲ್ಲಿ ಸಂಸತ್ತಿಗೂ ಆರಿಸಿಬಂದ. 1966ರಲ್ಲಿ ಸ್ಯಾಕರಿನ್ ಕಳ್ಳಸಾಗಣೆ ಹಗರಣದ ಚರ್ಚೆ ನಡೆಯುತ್ತಿದ್ದಾಗ ಮಂತ್ರಿಗಳ ಮೇಲೆ ಮಲ ಎರಚಿ ಜೈಲು ಸೇರಿದವನೂ ಅವನೇ.

ಸ್ವಾತಂತ್ರ್ಯ ಬಂದ ಮೇಲೆ ಹೊನ್ಮಾಚಿ ಚುಂಗ್ಮುರೊ ಆಯಿತು. ಸಿನಿಮಾ ಕಚೇರಿಗಳು ನೆರೆದದ್ದು ಅಲ್ಲೇ. ನಮಗೆ ಗಾಂಧಿನಗರ ಹೇಗೋ ಅವರಿಗೆ ಚುಂಗ್ಮುರೊ ಹಾಗೆ. ಕೊರಿಯಾ ಯುದ್ಧ ಮುಗಿದ ಊರಿನಲ್ಲಿ ಬಂಡವಾಳ ಯಾರ ಹತ್ತಿರ ಇತ್ತು? ಥಿಯೇಟರು ಹಿಡಿದವರ ಹತ್ತಿರ, ಅಮೆರಿಕನ್ ಸೇನೆಯ ಸಾಮಾನನ್ನು ಕಾಳಸಂತೆಯಲ್ಲಿ ಮಾರಿದವರ ಹತ್ತಿರ. ಶಿನ್ ಸಾಂಗ್-ಒಕ್ ಅವರ ‘ನರಕದ ಹೂವು’ (1958) ಆ ಕಾಳಸಂತೆಯದೇ ಕಥೆ. ಅಮೆರಿಕನ್ ಶಿಬಿರದಿಂದ ಸಾಮಾನು ಕದಿಯುವ ಅಣ್ಣ, ಅವನನ್ನು ಹುಡುಕಿಕೊಂಡು ಹಳ್ಳಿಯಿಂದ ಬಂದ ತಮ್ಮ, ನಡುವೆ ಸೋನ್ಯಾ ಎಂಬ ಹೆಣ್ಣು. ಸೋನ್ಯಾ ಆಗಿ ನಟಿಸಿದ್ದು ನಿರ್ದೇಶಕರ ಮಡದಿ ಚೊಯ್ ಉನ್-ಹೀ. ಬೀದಿಯ ಧೂಳು, ಜನಜಂಗುಳಿ ಎಲ್ಲವೂ ನಿಜವಾದವು. ಆ ಕಾಲದ ಚಿತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಇದೇ ಶಿನ್ ಮರುವರ್ಷ ಲಿಮ್ ಹ್ವಾ-ಸುವಿನ ಕಂಪನಿಗೆ ಸಿಂಗ್ಮನ್ ರೀ ಅವರ ಯೌವನವನ್ನು ಹೊಗಳುವ ಚಿತ್ರ ಮಾಡಿಕೊಟ್ಟರು. ಅದಕ್ಕಾಗಿ ನಾನು ಅವರನ್ನು ಹಳಿಯಲಾರೆ. ಪಕ್ಕೆಲುಬು ಮುರಿಸಿಕೊಂಡ ನಟನ ಸುದ್ದಿ ಇಡೀ ಚುಂಗ್ಮುರೊಗೆ ಗೊತ್ತಿತ್ತು.

1960ರ ಏಪ್ರಿಲ್ 18ರಂದು, ಚುನಾವಣೆಯ ಮೋಸದ ವಿರುದ್ಧ ಮೆರವಣಿಗೆ ಮುಗಿಸಿ ಮರಳುತ್ತಿದ್ದ ಕೊರಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ರೌಡಿಗಳು ಮುಗಿಬಿದ್ದರು. ಮರುದಿನ ಊರೇ ಬೀದಿಗಿಳಿಯಿತು, ಪೊಲೀಸರು ಗುಂಡು ಹಾರಿಸಿದರು. ವಾರದೊಳಗೆ ರೀ ಕುರ್ಚಿ ಬಿಟ್ಟರು. ಮರುವರ್ಷ ಮೇ 16ರಂದು ಪಾರ್ಕ್ ಚುಂಗ್-ಹೀ ನೇತೃತ್ವದ ಸೈನಿಕರು ಅಧಿಕಾರ ಹಿಡಿದರು. ದಾದಾಗಳ ಕೊರಳಿಗೆ ಫಲಕ ಕಟ್ಟಿ ಸೋಲಿನ ಬೀದಿಗಳಲ್ಲಿ ನಡೆಸಿದರು. ಅಕ್ಟೋಬರಿನಲ್ಲಿ ಲೀ ಜೊಂಗ್-ಜೆಯನ್ನು ಗಲ್ಲಿಗೇರಿಸಿದರು, ಡಿಸೆಂಬರ್ 21ರಂದು ಲಿಮ್ ಹ್ವಾ-ಸುವನ್ನು. ಅದೇ ದಿನ ನೇಣಿಗೆ ಹೋದ ಇನ್ನೊಬ್ಬರು ಜೊ ಯೊಂಗ್-ಸು, ಒಂದು ಪತ್ರಿಕೆಯ ಪ್ರಕಾಶಕರು. ರೌಡಿಯನ್ನು ನೇಣಿಗೇರಿಸಿದ್ದಕ್ಕೆ ಚಪ್ಪಾಳೆ ತಟ್ಟಿದವರು ಆ ಎರಡನೆಯ ಹೆಸರನ್ನೂ ಓದಬೇಕಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ. 1962ರಲ್ಲಿ ಚಲನಚಿತ್ರ ಕಾನೂನು ಬಂತು. ಮುಷ್ಟಿ ಇದ್ದ ಕಡೆ ಲೈಸೆನ್ಸು, ಸೆನ್ಸಾರು ಬಂದು ಕೂತವು.

ನಿರ್ದೇಶಕ ಇಮ್ ಕ್ವೊನ್-ತೆಕ್ ಮೊದಲ ಚಿತ್ರ ಮಾಡಿದ್ದು ಅದೇ ವರ್ಷ. ಯುದ್ಧಕಾಲದಲ್ಲಿ ಮನೆ ಬಿಟ್ಟು ಬುಸಾನಿಗೆ ಓಡಿಹೋದ ಹುಡುಗ, ಅಮೆರಿಕನ್ ಸೈನಿಕರ ಬೂಟು ಮಾರುವವರ ಜೊತೆ ದುಡಿದ. ಆ ಬೂಟಿನ ವ್ಯಾಪಾರಿಗಳು ಸೋಲಿಗೆ ಹೋಗಿ ಸಿನಿಮಾಕ್ಕೆ ಕೈಹಾಕಿದಾಗ ಅವನನ್ನೂ ಕರೆಸಿಕೊಂಡರು. ನಿರ್ದೇಶಕ ಚುಂಗ್ ಚಾಂಗ್-ಹ್ವಾ ಅವರ ಕೈಕೆಳಗೆ ಕೆಲಸ ಕಲಿತು, ಹತ್ತು ವರ್ಷಗಳಲ್ಲಿ ಸುಮಾರು ಐವತ್ತು ಚಿತ್ರ ಮಾಡಿದ. ಹೆಚ್ಚಿನವು ಹೊಡೆದಾಟದ, ಅವಸರದ ಚಿತ್ರಗಳು.

ಇಮ್ ಗಂಭೀರ ನಿರ್ದೇಶಕರೆಂದು ಹೆಸರಾದ ಮೇಲೆ ನಿರ್ಮಾಪಕ ಲೀ ತೆ-ವೊನ್ ಅವರನ್ನು ಮತ್ತೆ ಹೊಡೆದಾಟಕ್ಕೇ ಕರೆತಂದರು. 1990ರ ‘ಸೇನಾನಿಯ ಮಗ’ ಕಿಮ್ ದು-ಹಾನನ ಕಥೆ. ನಾಯಕ ಪಾರ್ಕ್ ಸಾಂಗ್-ಮಿನ್ ಹೊಸಬ. ಚಿತ್ರ ತೆರೆಕಂಡದ್ದು ದಾನ್ಸೊಂಗ್ಸಾದಲ್ಲಿ, ಕಥೆ ನಡೆದ ಜೊಂಗ್ನೊದಲ್ಲೇ. ಸೋಲ್ ಒಂದರಲ್ಲೇ ಆರು ಲಕ್ಷಕ್ಕೂ ಮೀರಿ ಜನ ನೋಡಿದರು, ಅಂದಿನ ದಾಖಲೆ ಅದು. ಬಂದೂಕಿಲ್ಲ, ಬರಿಗೈ ಕಾದಾಟ. ಕತ್ತರಿ ಹಿಡಿದವನಾಗಿ ನಾನು ಮೆಚ್ಚುವುದು ಅದನ್ನೇ: ಹೊಡೆತ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಅದನ್ನು ಕಟ್ ಮಾಡಿ ಮರೆಸಿಲ್ಲ. ಆದರೆ ಎದುರಾಳಿ ಜಪಾನಿಯಾದಾಗ ರೌಡಿ ಸಲೀಸಾಗಿ ವೀರನಾಗಿಬಿಡುತ್ತಾನೆ. ಆ ಚಿತ್ರದ ಕೊರತೆಯೂ ಅದೇ.

ಆ ಕೊರತೆ ತುಂಬಿದ್ದು 2004ರ ‘ಲೋ ಲೈಫ್’, ಇಮ್ ಅವರ 99ನೆಯ ಚಿತ್ರ. 1950ರ ದಶಕದ ಕೊನೆಯ ಒಬ್ಬ ಬೀದಿ ಹೊಡೆದಾಟಗಾರ ಸಿನಿಮಾ ನಿರ್ಮಾಣಕ್ಕೆ ಇಳಿಯುತ್ತಾನೆ, ಕೈಸುಟ್ಟುಕೊಳ್ಳುತ್ತಾನೆ, ಆಮೇಲೆ ಸೇನೆಯ ಕಟ್ಟಡ ಗುತ್ತಿಗೆಗೆ ಲಂಚ ಕೊಡುತ್ತ ಮೇಲೇರುತ್ತಾನೆ. ಕಥೆ ಬಹುಪಾಲು ಲೀ ತೆ-ವೊನ್ ಅವರ ಬದುಕಿನಿಂದಲೇ ಬಂದದ್ದು. 1959ರಲ್ಲೇ ಚಿತ್ರ ನಿರ್ಮಿಸಿ ಸೋತಿದ್ದವರು ಅವರು. ವೆನಿಸ್ ಸ್ಪರ್ಧೆಗೆ ಹೋದರೂ ಊರಿನಲ್ಲಿ ಚಿತ್ರ ಓಡಲಿಲ್ಲ. ನನ್ನ ಮಟ್ಟಿಗೆ ಅದು ‘ಸೇನಾನಿಯ ಮಗ’ನಿಗಿಂತ ದೊಡ್ಡ ಚಿತ್ರ. ಪರದೆಯ ಮೇಲಿನ ಆ ಮನುಷ್ಯ ಹೆಂಡತಿಯ ಮುಂದೆ ಸಣ್ಣವನಾಗುವುದನ್ನೂ ಅಧಿಕಾರಿಗಳ ಮುಂದೆ ಬಗ್ಗುವುದನ್ನೂ ಮುಚ್ಚದೆ ತೋರಿಸಲು ಲೀ ತೆ-ವೊನ್ ತಮ್ಮ ಕೈಯಿಂದಲೇ ದುಡ್ಡು ಹಾಕಿದರು.