ಒಂದು ಕೋಣೆಗೆ ಎರಡು ಸಬ್‌ವೂಫರ್: ಆಯ್ಕೆ ಮತ್ತು ಜೋಡಣೆ

ಸುಮಾರು 20ರಿಂದ 100 ಹರ್ಟ್ಸ್‌ವರೆಗಿನ ಮಂದ್ರ ಧ್ವನಿಯನ್ನು ಹೊರಡಿಸುವ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಎರಡನೆಯದನ್ನು ತರುವುದು ಸದ್ದು ಹೆಚ್ಚಿಸಲಿಕ್ಕೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ನಿಜವಾದ ಪ್ರಯೋಜನ ಬೇರೆ: ಕೋಣೆಯಲ್ಲಿ ಎಲ್ಲಿ ಕುಳಿತರೂ ಮಂದ್ರವು ಒಂದೇ ಸಮನಾಗಿ ಕೇಳಿಸುವುದು.

ಇದನ್ನರಿಯಲು ನಾವು ಶಾಲೆಯಲ್ಲಿ ಕಲಿಸುವ ಸೂತ್ರವೊಂದು ಸಾಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು 40 ಹರ್ಟ್ಸ್ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 8.6 ಮೀಟರ್. ಕೋಣೆಯ ಉದ್ದ ಇದರ ಅರ್ಧ, ಅಂದರೆ 4.3 ಮೀಟರ್ ಇದ್ದರೆ, ಎದುರುಬದುರು ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು ಸ್ಥಾಯೀ ತರಂಗ ಉಂಟಾಗುತ್ತದೆ. ಆ ಸ್ವರ ಗೋಡೆಗಳ ಬಳಿ ಅತಿ ಜೋರು, ನಟ್ಟನಡುವೆ ಅತಿ ಕ್ಷೀಣ. ಗೋಡೆಗೊರಗಿದ ಅಜ್ಜ ಸಣ್ಣದು ಮಾಡೆನ್ನುವಾಗ ನಡುವೆ ಚಾಪೆಯ ಮೇಲಿರುವ ಮೊಮ್ಮಗ ಜೋರು ಮಾಡೆನ್ನುತ್ತಾನೆ. ಇಬ್ಬರ ಮಾತೂ ಸರಿಯೇ. ಧ್ವನಿ ಏರಿಸಿಯೋ ಇಳಿಸಿಯೋ ಈ ಜಗಳ ತೀರದು.

ಒಂದನ್ನು ಮುಂದಿನ ಗೋಡೆಯ ಮಧ್ಯದಲ್ಲಿಯೂ ಇನ್ನೊಂದನ್ನು ಹಿಂದಿನ ಗೋಡೆಯ ಮಧ್ಯದಲ್ಲಿಯೂ ಇಟ್ಟರೆ ತೀರುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಗಾಳಿಯನ್ನು ತಳ್ಳುವಾಗ ಉದ್ದದ ಮೊದಲ ಸ್ಥಾಯೀ ತರಂಗಕ್ಕೆ ಪರಸ್ಪರ ವಿರುದ್ಧ ಬಲ ಬಿದ್ದು ಅದು ಬೆಳೆಯಲಾರದು. ಗೋಡೆಯ ಮಧ್ಯದಲ್ಲಿರುವುದರಿಂದ ಅಗಲದ ಮೊದಲ ತರಂಗವೂ ಏಳುವುದಿಲ್ಲ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ಕೋಣೆಗಳಿಗೆ ಇಂಥ ಅನೇಕ ಜೋಡಣೆಗಳನ್ನು ಹೋಲಿಸಿ, ಎದುರುಬದುರು ಗೋಡೆಗಳ ಮಧ್ಯದ ಎರಡು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ನಾಲ್ಕನ್ನು ಮೀರಿದರೆ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಿದರು. ನಮ್ಮ ಮನೆಗಳಲ್ಲಿ ಗೋಡೆಯ ಮಧ್ಯ ಬಾಗಿಲಿಗೋ ಬೀರುವಿಗೋ ಮೀಸಲು; ತುಸು ಸರಿಸಿಟ್ಟರೆ ಪ್ರಯೋಜನ ಪೂರ್ತಿ ನಷ್ಟವಾಗದು. ಎರಡನ್ನೂ ಒಂದೇ ಮೂಲೆಯಲ್ಲಿ ಪೇರಿಸುವುದು ಮಾತ್ರ ಬೇಡ. ಆಗ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ, ಏರುಪೇರು ಹಾಗೆಯೇ ಉಳಿಯುತ್ತದೆ.

ಕೊಳ್ಳುವಾಗ ಒಂದೇ ಮಾದರಿಯ ಎರಡನ್ನು ಆರಿಸಬೇಕು. ಗಾಳಿಕಿಂಡಿಯಿರುವ ಪೆಟ್ಟಿಗೆ ಮತ್ತು ಪೂರ್ತಿ ಮುಚ್ಚಿದ ಪೆಟ್ಟಿಗೆ ಜೊತೆಯಾದರೆ ಅತಿ ಕೆಳಗಿನ ಸ್ವರಗಳಲ್ಲಿ ಅವುಗಳ ತಾಳ ಕೂಡುವುದಿಲ್ಲ. ಇರುವ ಹಣಕ್ಕೆ ಭಾರಿ ಗಾತ್ರದ ಒಂದಕ್ಕಿಂತ ಸಾಧಾರಣ ಗಾತ್ರದ ಎರಡು ಮೇಲೆಂಬುದು ನಮ್ಮ ಅಭಿಪ್ರಾಯ. ಅಗ್ಗದ ಹೋಂ ಥಿಯೇಟರ್ ಸೆಟ್‌ಗಳಲ್ಲಿ ಹಲವಕ್ಕೆ ಎರಡನೆಯದನ್ನು ಜೋಡಿಸುವ ಸೌಕರ್ಯವೇ ಇರುವುದಿಲ್ಲ. ಸಬ್‌ವೂಫರ್ ಔಟ್‌ಪುಟ್ ಇರುವ ಆಂಪ್ಲಿಫೈಯರ್ ಮತ್ತು ಸ್ವಂತ ಆಂಪ್ಲಿಫೈಯರ್ ಉಳ್ಳ ಸಬ್‌ವೂಫರ್‌ಗಳು ಬೇಕು.

ಜೋಡಿಸಿದ ಬಳಿಕ ಎರಡರ ಧ್ವನಿಮಟ್ಟವನ್ನು ಸಮಗೊಳಿಸಿ, ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಆರಂಭಿಸುವುದು ರೂಢಿ. ಅದಕ್ಕಿಂತ ಬಹಳ ಮೇಲೇರಿದರೆ ಸದ್ದು ಯಾವ ಪೆಟ್ಟಿಗೆಯಿಂದ ಬರುತ್ತಿದೆಯೆಂದು ಕಿವಿ ಗುರುತಿಸತೊಡಗುತ್ತದೆ. ಈಕ್ವಲೈಸರನ್ನು ಕೊನೆಗೆ, ಎರಡಕ್ಕೂ ಒಟ್ಟಾಗಿ ಬಳಸಬೇಕು. ಅದೂ ಉಬ್ಬನ್ನು ತಗ್ಗಿಸಲು ಮಾತ್ರ. ಕುಸಿದ ಸ್ವರವನ್ನು 10 ಡೆಸಿಬೆಲ್ ಎತ್ತಲು ಹತ್ತು ಪಟ್ಟು ವಿದ್ಯುತ್ ಶಕ್ತಿ ಬೇಕು, ಆದರೂ ತಗ್ಗು ತುಂಬದು. ಅಳತೆಗೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವೂ ಅಳತೆಯ ಮೈಕೂ ಸಾಕು.

ಎರಡನೆಯದಕ್ಕೆ ಹಣ ತೆರುವ ಮುನ್ನ ಇರುವ ಒಂದನ್ನೇ ಸರಿಸಿ ನೋಡುವುದುಂಟು. ಅದನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು, ಮಂದ್ರ ತುಂಬಿದ ಪರಿಚಿತ ಹಾಡೊಂದನ್ನು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಆಲಿಸಿ. ಸ್ವರಗಳೆಲ್ಲ ಸಮನಾಗಿ ಕೇಳಿಸುವ ಸ್ಥಳವೇ ಅದರ ಜಾಗ. ಈ ಕೆಲಸಕ್ಕೆ ಮಕ್ಕಳು ನಮಗಿಂತ ಮೊದಲೇ ಸಿದ್ಧರಿರುತ್ತಾರೆ.